ಖರ್ಚಿನ ಕತ್ತರಿ ಮಕ್ಕಳ ತಟ್ಟೆಗೆ ಬೀಳದಿರಲಿ

(ಹುಬ್ಬಳ್ಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ನಮ್ಮನ್ನು ಸೃಷ್ಟಿಸಿದವನೂ ಅವನೇ, ಉಣಿಸುವವನೂ ಅವನೇ. ಅವನ ಅಂತ್ಯ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಶಾಂತಿ ಮತ್ತು ಕೃಪೆ ಇರಲಿ.

ಪ್ರಿಯ ಸಹೋದರರೇ,

ಪವಿತ್ರ ಕುರ್‌ಆನಿನ ಅಲ್‌ಫುರ್ಕಾನ್ ಅಧ್ಯಾಯದ ಕೊನೆಯಲ್ಲಿ ಪರಮ ದಯಾಮಯನ ದಾಸರು ಎಂಥವರು ಎಂಬ ವರ್ಣನೆ ಇದೆ. ಅದರಲ್ಲಿ ನಮಾಝ್ ಇದೆ, ವಿನಯ ಇದೆ, ಪ್ರಾರ್ಥನೆ ಇದೆ. ಅವುಗಳ ಜೊತೆಗೇ 67ನೆಯ ಸೂಕ್ತದಲ್ಲಿ ಖರ್ಚಿನ ವಿಷಯವೂ ಇದೆ. ಅವರು ಖರ್ಚು ಮಾಡುವಾಗ ದುಂದು ಮಾಡುವುದಿಲ್ಲ, ಜಿಪುಣತನವನ್ನೂ ತೋರುವುದಿಲ್ಲ. ಎರಡರ ನಡುವೆ ನಿಲ್ಲುತ್ತಾರೆ ಎಂದು ಅಲ್ಲಾಹನು ತಿಳಿಸುತ್ತಾನೆ. ಅಂದರೆ ಮನೆಯ ಲೆಕ್ಕವೂ ನಮ್ಮ ದೀನಿನ ಭಾಗ. ನಾವು ದುಂದಿನ ಬಗ್ಗೆ ಬಹಳ ಸಲ ಮಾತಾಡಿದ್ದೇವೆ. ಜಿಪುಣತನದ ಬಗ್ಗೆ, ಅದರಲ್ಲೂ ಸ್ವಂತ ಮಕ್ಕಳ ಮೇಲೆ ತೋರುವ ಜಿಪುಣತನದ ಬಗ್ಗೆ ಮಾತಾಡಿದ್ದು ಕಡಿಮೆ. ಇಂದು ಎರಡನ್ನೂ ಸೇರಿಸಿ ಯೋಚಿಸೋಣ.

ಕೆಲವು ದಿನಗಳ ಹಿಂದೆ ಒಬ್ಬ ಯುವ ಸಹೋದರರು ನಮ್ಮ ಬಳಿ ಬಂದಿದ್ದರು. ದುಡಿಯುವ ಕೈ ಒಂದೇ, ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಕಿರಾಣಿ ಅಂಗಡಿಯ ಉದ್ರಿ ಏರುತ್ತಲೇ ಇದೆ, ಏನು ಮಾಡಲಿ ಎಂದರು. ಈವರೆಗೆ ಏನು ಕಡಿಮೆ ಮಾಡಿದ್ದೀರಿ ಎಂದು ಕೇಳಿದೆವು. ಹಾಲು ಒಂದು ಲೀಟರಿನಿಂದ ಅರ್ಧಕ್ಕೆ ಇಳಿದಿತ್ತು. ಮೊಟ್ಟೆ ನಿಂತಿತ್ತು. ಮತ್ತೇನು ಎಂದೆವು. ಅವರು ಸುಮ್ಮನಾದರು. ಬೈಕಿನ ಕಂತು, ಹೊಸ ಮೊಬೈಲಿನ ಕಂತು, ಚಹಾ ಅಂಗಡಿ, ಗುಟಕಾ ಎಲ್ಲವೂ ಮೊದಲಿನಂತೆಯೇ ಇದ್ದವು. ತೊಗರಿಬೇಳೆ ಕಿಲೋಗೆ ಎಷ್ಟಾಗಿದೆ ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ.

ನಾವು ಅವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಅವರು ಒಳ್ಳೆಯ ಮನುಷ್ಯ, ಬೆವರು ಸುರಿಸಿ ದುಡಿಯುವವರು. ಅವರಂತೆಯೇ ನಮ್ಮಲ್ಲಿ ಅನೇಕರಿದ್ದೇವೆ. ಬೆಲೆ ಏರಿದಾಗ ಕತ್ತರಿ ಮೊದಲು ಬೀಳುವುದು ಬಾಯಿಬಿಟ್ಟು ಕೇಳಲಾರದವರ ಪಾಲಿನ ಮೇಲೆ. ಎರಡು ವರ್ಷದ ಮಗು ಹಾಲು ಯಾಕೆ ಕಡಿಮೆಯಾಯಿತು ಎಂದು ಕೇಳುವುದಿಲ್ಲ. ಮಗುವಿನ ತಾಯಿ ತನ್ನ ತಟ್ಟೆಯ ಪಲ್ಯವನ್ನು ಉಳಿದವರಿಗೆ ಬಡಿಸಿ, ತನಗೆ ಹಸಿವಿಲ್ಲ ಎನ್ನುತ್ತಾಳೆ. ನಮಗೆ ಅದು ಕಾಣಿಸುವುದೇ ಇಲ್ಲ.

ಸಹೋದರರೇ, ಹಝ್ರತ್ ಉಮರ್(ರ)ರ ಕಾಲದ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಅವರು ಬೈತುಲ್ ಮಾಲ್‌ನಿಂದ ಮಕ್ಕಳಿಗೆ ಭತ್ಯೆ ಗೊತ್ತು ಮಾಡಿದ್ದರು. ಆದರೆ ಅದು ಮೊಲೆಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಎಂಬ ನಿಯಮವಿತ್ತು. ಒಂದು ರಾತ್ರಿ ಮದೀನಾದ ಹೊರಗೆ ವ್ಯಾಪಾರಿಗಳ ತಂಡವೊಂದು ಬಂದು ಇಳಿದಿತ್ತು. ಅವರ ಕಾವಲಿಗೆಂದು ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಎಚ್ಚರವಿದ್ದರು. ಮಗುವೊಂದು ಬಿಡದೆ ಅಳುತ್ತಿತ್ತು. ಉಮರ್(ರ) ಹೋಗಿ ಮಗುವನ್ನು ಸಂತೈಸುವಂತೆ ತಾಯಿಗೆ ಹೇಳಿ ಬಂದರು. ಅಳು ನಿಲ್ಲಲಿಲ್ಲ. ಮತ್ತೆ ಹೋದರು, ಮತ್ತೊಮ್ಮೆ ಹೋದರು. ಎದುರಿಗಿರುವವರು ಯಾರೆಂದು ತಿಳಿಯದ ಆ ತಾಯಿ ಕೊನೆಗೆ ನಿಜ ಹೇಳಿದಳು. ಹಾಲು ಬಿಟ್ಟ ಮಗುವಿಗಷ್ಟೇ ಉಮರ್ ಭತ್ಯೆ ಕೊಡುತ್ತಾರೆ, ಅದಕ್ಕಾಗಿ ಅವಧಿಗೆ ಮೊದಲೇ ಹಾಲು ಬಿಡಿಸುತ್ತಿದ್ದೇನೆ ಎಂದಳು. ಅಂದಿನ ಫಜ್ರ್ ನಮಾಝಿನಲ್ಲಿ ಉಮರ್(ರ) ಅಳುತ್ತಿದ್ದುದರಿಂದ ಜನರಿಗೆ ಅವರ ಪಠಣ ಸ್ಪಷ್ಟವಾಗಿ ಕೇಳಿಸಲಿಲ್ಲ. ನಮಾಝ್ ಮುಗಿದೊಡನೆ ನಿಯಮವನ್ನೇ ಬದಲಿಸಿದರು. ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಉಂಟು, ಅವಸರದಿಂದ ಹಾಲು ಬಿಡಿಸಬೇಡಿ ಎಂದು ಸಾರಿಸಿದರು.

ಉಮರ್(ರ) ಮಿತವ್ಯಯಕ್ಕೆ ಹೆಸರಾದವರು. ತೇಪೆ ಹಾಕಿದ ಬಟ್ಟೆ ಉಟ್ಟವರು. ಆದರೆ ತನ್ನ ಲೆಕ್ಕಾಚಾರದಿಂದ ಒಂದು ಮಗು ಹಸಿದಿದೆ ಎಂದು ತಿಳಿದಾಗ ಲೆಕ್ಕವನ್ನು ತಿದ್ದಿದರು. ನಮ್ಮ ಮನೆಯ ಲೆಕ್ಕಕ್ಕೂ ಇದೇ ಮಾದರಿ. ಉಳಿತಾಯ ಮಾಡೋಣ, ಅದು ಮಗುವಿನ ತಟ್ಟೆಯಿಂದ ಶುರುವಾಗುವುದು ಬೇಡ. ನಮ್ಮ ಜೇಬಿನಿಂದ ಶುರುವಾಗಲಿ.

ಹೆಂಡತಿ ಮಕ್ಕಳನ್ನು ಪೋಷಿಸುವುದು ನಾವು ಮಾಡುವ ಉಪಕಾರವಲ್ಲ, ಅದು ಅವರ ಹಕ್ಕು. ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತ ಹಾಲುಣಿಸುವ ತಾಯಿಯ ಊಟ ಬಟ್ಟೆಯ ಹೊಣೆಯನ್ನು ಮಗುವಿನ ತಂದೆಯ ಮೇಲೆ ಇರಿಸಿದೆ. ಯಾರ ಮೇಲೂ ಶಕ್ತಿ ಮೀರಿದ ಭಾರವಿಲ್ಲ ಎಂದೂ ಹೇಳಿದೆ. ಅಬೂ ಸುಫ್ಯಾನ್(ರ)ರು ಮನೆಗೆ ಸಾಕಾಗುವಷ್ಟು ಕೊಡುವುದಿಲ್ಲ ಎಂದು ಅವರ ಪತ್ನಿ ಹಿಂದ್(ರ) ದೂರಿದಾಗ, ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಕಾಗುವಷ್ಟನ್ನು ತೆಗೆದುಕೊಳ್ಳಲು ಪ್ರವಾದಿ(ಸ) ಅನುಮತಿ ನೀಡಿದ್ದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ದಾನಕ್ಕೆ, ಬಡವರಿಗೆ, ಮನೆಯವರಿಗೆ ಮಾಡುವ ಖರ್ಚುಗಳಲ್ಲಿ ಮನೆಯವರಿಗೆ ಮಾಡಿದ್ದಕ್ಕೇ ಹೆಚ್ಚು ಪ್ರತಿಫಲ ಎಂದೂ ಅವರು ಕಲಿಸಿದ್ದಾರೆ.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದು, ಗಂಡ ಹೆಂಡತಿ ಕೂತು ಮಾತಾಡುವುದು. ಅದೇ 233ನೆಯ ಸೂಕ್ತದಲ್ಲಿ ಮಗುವಿಗೆ ಹಾಲು ಬಿಡಿಸುವ ತೀರ್ಮಾನವನ್ನೂ ಇಬ್ಬರೂ ಒಪ್ಪಿ, ಸಮಾಲೋಚಿಸಿ ಮಾಡಬೇಕೆಂದಿದೆ. ಅಷ್ಟು ಸಣ್ಣ ವಿಷಯಕ್ಕೇ ಸಮಾಲೋಚನೆ ಬೇಕಾದರೆ, ಇಡೀ ತಿಂಗಳ ಸಂಸಾರಕ್ಕೆ ಬೇಡವೇ? ಒಂದು ತಿಂಗಳು ಪ್ರತಿ ರೂಪಾಯಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನೆಯ ಖರ್ಚನ್ನು ಅವರು ಬರೆಯಲಿ, ಹೊರಗಿನ ಖರ್ಚನ್ನು ನಾವು ಬರೆಯೋಣ. ಗುಟಕಾ, ಸಿಗರೇಟು, ಹೊರಗಿನ ಚಹಾಕ್ಕೆ ದಿನಕ್ಕೆ 40 ರೂಪಾಯಿ ಹೋದರೂ ತಿಂಗಳಿಗೆ 1,200 ಆಯಿತು. ಮೊಟ್ಟೆಗೆ 7 ರೂಪಾಯಿ ಎಂದು ಹಿಡಿದರೆ ಎರಡು ಮಕ್ಕಳಿಗೆ ದಿನಕ್ಕೊಂದರಂತೆ ತಿಂಗಳಿಗೆ ತಗಲುವುದು 420 ರೂಪಾಯಿ. ಉಳಿದ 780ರಲ್ಲಿ ಹಾಲೂ ಬರುತ್ತದೆ. ಗುಟಕಾದಿಂದ ಬಾಯಿಗೆ ಬರುವ ರೋಗದ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲ.

ಎರಡನೆಯದು, ಮಕ್ಕಳ ಹೆಸರಿನಲ್ಲಿ ಹೋಗುವ ವ್ಯರ್ಥ ಖರ್ಚು. ಐದು ರೂಪಾಯಿಯ ಕುರುಕಲು ಪಾಕೀಟು ಅಗ್ಗವಾಗಿ ಕಾಣುತ್ತದೆ. ಎರಡು ಮಕ್ಕಳು ದಿನಕ್ಕೆ ಎರಡೆರಡು ತಿಂದರೆ ತಿಂಗಳಿಗೆ 600 ರೂಪಾಯಿ. ಉಪ್ಪು, ಎಣ್ಣೆ ಹೊಟ್ಟೆಗೆ ಹೋಗಿ ಊಟದ ಹೊತ್ತಿಗೆ ಹಸಿವೂ ಇರುವುದಿಲ್ಲ. ನಮ್ಮ ಕಡೆ ಶೇಂಗಾ, ಬೆಲ್ಲ, ಪುಟಾಣಿಗೆ ಕೊರತೆಯಿಲ್ಲ. ಉಂಡಿ ಕಟ್ಟಿ ಡಬ್ಬಿಯಲ್ಲಿಡಿ. ತೀರಾ ಚಿಕ್ಕವರಿಗೆ ಗಂಟಲಲ್ಲಿ ಸಿಕ್ಕದಂತೆ ಪುಡಿ ಮಾಡಿ ಕೊಡಿ. ಜೋಳದ ನುಚ್ಚು, ಬೇಳೆ, ತಪ್ಪಲು ಪಲ್ಯ, ಬಾಳೆಹಣ್ಣು ಇವೆಲ್ಲ ಡಬ್ಬದ ಆಹಾರಕ್ಕಿಂತ ಅಗ್ಗ, ಅದಕ್ಕಿಂತ ಒಳ್ಳೆಯವು. ಕೂಸಿಗೆ ಮೊದಲ ಆರು ತಿಂಗಳು ತಾಯಿಯ ಹಾಲಷ್ಟೇ ಸಾಕು, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷದವರೆಗೂ ಹಾಲುಣಿಸಬೇಕು ಎಂದು ವೈದ್ಯರು ಹೇಳುತ್ತಾರೆ. ಪೂರ್ಣ ಎರಡು ವರ್ಷದ ಮಾತು ಕುರ್‌ಆನಿನಲ್ಲೇ ಇದೆ. ಪುಡಿ ಹಾಲಿನ ದುಬಾರಿ ಡಬ್ಬಕ್ಕೆ ಕೊಡುವ ದುಡ್ಡಿನಲ್ಲಿ ತಾಯಿಗೆ ಹೊಟ್ಟೆ ತುಂಬ ಊಟ ಕೊಡಿ. ವೈದ್ಯರೇ ಬೇಕೆಂದು ಹೇಳಿದ್ದರೆ ಆ ಮಾತು ಬೇರೆ.

ಮೂರನೆಯದು, ಕೂಡಿ ಕೊಳ್ಳುವುದು. ಯಮನಿನ ಅಶ್‌ಅರಿ ಗೋತ್ರದವರ ಮನೆಗಳಲ್ಲಿ ಆಹಾರ ಕಡಿಮೆಯಾದಾಗ ಅವರು ಇದ್ದುದೆಲ್ಲವನ್ನೂ ಒಂದೇ ಬಟ್ಟೆಯಲ್ಲಿ ಸೇರಿಸಿ, ಒಂದೇ ಪಾತ್ರೆಯಿಂದ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿ(ಸ) ಅದನ್ನು ಮೆಚ್ಚಿ, ಅವರು ನನ್ನವರು, ನಾನು ಅವರವನು ಎಂಬರ್ಥದ ಮಾತಾಡಿದರು. ಒಂದೇ ಓಣಿಯ ನಾಲ್ಕೈದು ಮನೆಯವರು ಸೇರಿದರೆ ಅಮರಗೋಳದ ಎಪಿಎಂಸಿಯಿಂದ ಜೋಳ, ಅಕ್ಕಿ, ಬೇಳೆಯನ್ನು ಚೀಲಗಟ್ಟಲೆ ತರಬಹುದು. ಹಿಂಗಾರಿ ಜೋಳದ ಸುಗ್ಗಿಯಾದ ಮೇಲೆ ಕೊಂಡು, ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಇಡುವುದು ನಮ್ಮ ಹಿರಿಯರ ರೂಢಿ. ಹೀಗೆ ತೆಗೆದಿಡುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಪ್ರವಾದಿ(ಸ)ರೂ ಮನೆಯವರಿಗೆಂದು ಒಂದು ವರ್ಷದ ಆಹಾರವನ್ನು ತೆಗೆದಿಟ್ಟ ವರದಿಯಿದೆ. ಬೆಲೆ ಏರಲಿ ಎಂದು ದಾಸ್ತಾನು ಮಾಡುವುದು ಮಾತ್ರ ಪಾಪ. ಕೂಡಿ ಕೊಂಡಾಗ ತೂಕ ಸರಿಯಿರಲಿ, ಲೆಕ್ಕ ಬರೆದಿರಲಿ. ಉದ್ರಿಯಲ್ಲಿ ದಿನಾ ಕಾಲು ಕಿಲೋ ತರುವವರಿಗೆ ಒಂದು ಮಾತು: ಉದ್ರಿ ಇರುವ ಅಂಗಡಿಯಲ್ಲಿ ದರ ಕೇಳುವ ಬಾಯಿ ನಮಗಿರುವುದಿಲ್ಲ. ಮೊದಲು ಹಳೆಯ ಉದ್ರಿ ತೀರಿಸಿ, ನಗದಿಗೆ ಬನ್ನಿ.

ನಾಲ್ಕನೆಯದು, ನಮ್ಮ ಹಕ್ಕಿನದನ್ನು ಪಡೆಯುವುದು. ಅಂಗನವಾಡಿಯಲ್ಲಿ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗೆ ಪೌಷ್ಟಿಕ ಆಹಾರ ಸಿಗುತ್ತದೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟವಿದೆ. ಹೆಸರು ಬರೆಸಲು ನಾಚಿಕೆ ಬೇಡ. ಅನ್ನಭಾಗ್ಯದ ಅಕ್ಕಿಯನ್ನು ಹತ್ತಿಪ್ಪತ್ತು ರೂಪಾಯಿಗೆ ಮಾರಿ, ಮರುದಿನ ಅಂಗಡಿಯಿಂದ ಅಕ್ಕಿ ತರುವುದು ನಷ್ಟದ ವ್ಯಾಪಾರ, ಕಾನೂನಿಗೂ ವಿರುದ್ಧ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೆ ಬರುತ್ತದೆ. ಅದು ಬಂತೆಂದು ನಾವು ಕೊಡುವುದನ್ನು ನಿಲ್ಲಿಸುವುದು, ಅಥವಾ ಅದನ್ನು ಕಸಿದುಕೊಳ್ಳುವುದು ಅನ್ಯಾಯ. ಹೆಣ್ಣಿನ ಸೊತ್ತು ಹೆಣ್ಣಿನದೇ ಎಂಬುದು ಶರೀಅತ್. ಹಾಗೆಯೇ, ಅನುಕೂಲವಿದ್ದೂ ಸುಳ್ಳು ಬರೆಸಿ ಬಡವರ ಕಾರ್ಡು ಪಡೆದವರಿದ್ದರೆ, ಅವರು ಇನ್ನೊಂದು ಮಗುವಿನ ಪಾಲನ್ನು ಉಣ್ಣುತ್ತಿದ್ದಾರೆ ಎಂದು ತಿಳಿಯಲಿ.

ಐದನೆಯದು, ಸಾಲ. ಪ್ರವಾದಿ(ಸ) ನಮಾಝಿನಲ್ಲಿ ಸಾಲದಿಂದ ಅಲ್ಲಾಹನ ರಕ್ಷಣೆ ಬೇಡುತ್ತಿದ್ದರು. ಸಾಲಗಾರನಾದವನು ಮಾತಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ತಪ್ಪುತ್ತಾನೆ ಎಂದು ಅದಕ್ಕೆ ಕಾರಣವನ್ನೂ ತಿಳಿಸಿದರು. ವಾರದ ಕಂತಿನ ಬಡ್ಡಿ ಸಾಲ ನಮ್ಮ ಓಣಿಗಳಿಗೂ ಬಂದಿದೆ. ಹೆಸರು ಹೆಂಗಸರದು, ಖರ್ಚು ಬಹಳ ಸಲ ಗಂಡಸರದು, ಬಾಗಿಲಿಗೆ ಬಂದವರ ಮಾತು ಕೇಳುವವರು ಹೆಂಗಸರು. ವಸೂಲಿಯ ಕಿರುಕುಳ ಎಷ್ಟಿತ್ತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಈ ಸಾಲಗಳಲ್ಲಿ ಎಷ್ಟು ಔಷಧಕ್ಕೆ, ಎಷ್ಟು ಮದುವೆ, ಅಕೀಕಾ, ಹುಟ್ಟುಹಬ್ಬದ ಊಟಕ್ಕೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಅಕೀಕಾ ಶಕ್ತಿಯಿದ್ದವರಿಗೆ ಸುನ್ನತ್. ಬಡ್ಡಿ ಸಾಲ ಮಾಡಿ ಓಣಿಗೆಲ್ಲ ಬಿರಿಯಾನಿ ಉಣಿಸಿ, ಯಾರ ಹೆಸರಿನಲ್ಲಿ ಉಣಿಸಿದೆವೋ ಆ ಮಗುವಿಗೇ ವರ್ಷವಿಡೀ ಹಾಲು ಕಡಿಮೆ ಮಾಡುವುದು ಯಾವ ಸುನ್ನತ್?

ಇಲ್ಲಿ ಉಳ್ಳವರಿಗೂ ಹೇಳಬೇಕಾದ ಮಾತಿದೆ. ನಿಮ್ಮ ಮನೆಯ ಒಂದು ದಾವತ್ ಹತ್ತು ಬಡ ಮನೆಗಳಿಗೆ ಒತ್ತಡವಾಗುತ್ತದೆ. ನೀವು ಸರಳವಾಗಿ ಮಾಡಿದರೆ ಅವರಿಗೂ ಸರಳವಾಗಿ ಮಾಡುವ ಧೈರ್ಯ ಬರುತ್ತದೆ. ಸಾರಿಗೆ ನೀರು ಹೆಚ್ಚಿಗೆ ಹಾಕಿ ನೆರೆಯವರನ್ನು ನೆನೆಯಿರಿ ಎಂಬುದು ಪ್ರವಾದಿ(ಸ) ಅಬೂ ಝರ್‌(ರ)ರಿಗೆ ಕೊಟ್ಟ ಉಪದೇಶ. ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಉತ್ತಮ ಎಂದು ಅಲ್‌ಬಕರದ 280ನೆಯ ಸೂಕ್ತ ಕಲಿಸುತ್ತದೆ. ಪ್ರತಿ ಜಮಾಅತ್‌ನಲ್ಲೂ ಬಡ್ಡಿಯಿಲ್ಲದ ಕರ್ಝೆ ಹಸನದ ಸಣ್ಣ ನಿಧಿಯೊಂದು ಇದ್ದರೆ, ಮಗುವಿನ ಜ್ವರಕ್ಕೆ ಎರಡು ಸಾವಿರ ಬೇಕಾದ ತಂದೆ ಬಡ್ಡಿಯ ಬಾಗಿಲಿಗೆ ಹೋಗಬೇಕಾಗಿಲ್ಲ.

ಮೊದಲು ಹೇಳಿದ ಆ ಸಹೋದರರು ಮುಂದಿನ ಸಲ ಬಂದಾಗ ಒಂದು ನೋಟ್‌ಬುಕ್ ತಂದಿದ್ದರು. ಉದ್ರಿ ಇನ್ನೂ ತೀರಿರಲಿಲ್ಲ, ಬೈಕಿನ ಕಂತೂ ಉಳಿದಿತ್ತು. ಆದರೆ ಗುಟಕಾ ನಿಂತಿತ್ತು, ಹಾಲು ಮತ್ತೆ ಒಂದು ಲೀಟರಿಗೆ ಬಂದಿತ್ತು. ಬೇಳೆಯ ದರ ನಾವು ಕೇಳುವ ಮೊದಲೇ ಅವರೇ ಹೇಳಿದರು.

ಇಂದು ಮನೆಗೆ ಹೋದ ಮೇಲೆ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಿ. ಮಕ್ಕಳ ತಟ್ಟೆಯನ್ನೊಮ್ಮೆ ನೋಡಿ, ಅವರ ತಾಯಿಯ ತಟ್ಟೆಯನ್ನೂ ನೋಡಿ. ನಮ್ಮ ಪೋಷಣೆಯಲ್ಲಿರುವವರನ್ನು ಕಡೆಗಣಿಸುವುದೇ ನಮಗೆ ಸಾಕಾಗುವಷ್ಟು ಪಾಪ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ.

ಅಲ್ಲಾಹನೇ, ನಮ್ಮ ದುಡಿಮೆಯನ್ನು ಹಲಾಲ್ ಆಗಿಸು, ಅದರಲ್ಲಿ ಬರಕತ್ ನೀಡು. ದುಂದಿನಿಂದಲೂ ಜಿಪುಣತನದಿಂದಲೂ ನಮ್ಮನ್ನು ಕಾಪಾಡು. ಸಾಲದಲ್ಲಿರುವವರ ಸಾಲ ತೀರಿಸು. ನಮ್ಮ ಮಕ್ಕಳನ್ನು ಆರೋಗ್ಯವಂತರನ್ನಾಗಿ, ಸಜ್ಜನರನ್ನಾಗಿ ಬೆಳೆಸುವ ಶಕ್ತಿ ಕೊಡು. ಆಮೀನ್.