ಹವ್ಯಾಸಿ ಎಂದರೆ ಯಾರು? ಒಲಿಂಪಿಕ್ ಫುಟ್‌ಬಾಲಿನ ಕಥೆ



ಹವ್ಯಾಸಿ ಎಂಬ ಮಾತು ನಮಗೆಲ್ಲ ಪ್ರಿಯವಾದದ್ದು. ಹಗಲೆಲ್ಲ ಕಛೇರಿಯಲ್ಲಿ ದುಡಿದು ಸಂಜೆ ಮುಖಕ್ಕೆ ಬಣ್ಣ ಹಚ್ಚುವವರನ್ನು ಹವ್ಯಾಸಿ ಕಲಾವಿದರೆಂದು ಆದರದಿಂದ ಕರೆಯುತ್ತೇವೆ. ಹಣದ ಆಸೆಯಿಲ್ಲದೆ, ಕೇವಲ ಪ್ರೀತಿಯಿಂದ ಮಾಡುವವರು ಎಂಬ ಗೌರವ ಆ ಮಾತಿನಲ್ಲಿದೆ. ಆದರೆ ಇದೇ ಮಾತು ಕ್ರೀಡೆಯ ಇತಿಹಾಸದಲ್ಲಿ ಎಷ್ಟೋ ಜನರನ್ನು ಮೈದಾನದ ಹೊರಗೇ ನಿಲ್ಲಿಸಿದೆ. ಜಗತ್ತಿನ ಬಹು ದೊಡ್ಡ ಹವ್ಯಾಸಿ ಫುಟ್‌ಬಾಲ್ ಪಂದ್ಯಾವಳಿಯಾಗಿದ್ದ ಒಲಿಂಪಿಕ್ ಫುಟ್‌ಬಾಲಿನ ಕಥೆಯನ್ನು ಆ ದೃಷ್ಟಿಯಿಂದ ನೋಡೋಣ.

ಮೊದಲು ನಮ್ಮೂರಿನ ಒಂದು ಸಂಗತಿ. ನಾನು ಚಾಮರಾಜನಗರದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ದಿನವೂ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ಊರಿಗೆ ಬಂದ ಮೇಲೆ ಫುಟ್‌ಬಾಲ್. ನಮ್ಮ ಗುಂಪಿನಲ್ಲಿ ತೆರಕಣಾಂಬಿ ಕಡೆಯ ಹಳ್ಳಿಯ ಒಬ್ಬ ಹುಡುಗನಿದ್ದ. ಎಡಗಡೆಯ ಅಂಚಿನಲ್ಲಿ ಚೆಂಡು ಹಿಡಿದು ಹೊರಟನೆಂದರೆ ಅವನನ್ನು ತಡೆಯುವವರಿರಲಿಲ್ಲ. ಒಮ್ಮೆ ಮೈಸೂರಿನಲ್ಲಿ ಮೂರು ದಿನದ ಪಂದ್ಯಾವಳಿಗೆ ಹೊರಟೆವು. ಬಸ್ ಚಾರ್ಜು, ಊಟ ಎಲ್ಲವನ್ನೂ ಚಂದಾ ಎತ್ತಿ ಹೊಂದಿಸಿದ್ದೆವು. ಆದರೆ ಅದು ಅರಿಶಿನ ಕೀಳುವ ಕಾಲ. ಅವನು ಹೇಳಿದ್ದು ಇಷ್ಟೇ: “ಬರಕೆ ಆಸೆ ಅದೆ ಕನಪ್ಪ. ಮೂರು ದಿಸದ ಕೂಲಿ ಯಾರು ಕೊಟ್ಟರು?”

ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅವನನ್ನು ಬಿಟ್ಟು ಹೋದೆವು, ಮೊದಲ ಪಂದ್ಯದಲ್ಲೇ ಸೋತು ಬಂದೆವು. ಅವನು ಕೇಳಿದ ಪ್ರಶ್ನೆಯ ಮೇಲೆಯೇ ಒಂದು ಅಂತರರಾಷ್ಟ್ರೀಯ ಪಂದ್ಯಾವಳಿ ಇಬ್ಭಾಗವಾಗಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ದೂರದರ್ಶನದ ಕೆಲಸಕ್ಕಾಗಿ ಕ್ರೀಡೆಯ ಇತಿಹಾಸ ಓದತೊಡಗಿದಾಗ.

ಹವ್ಯಾಸಿ ನಿಯಮ ಹುಟ್ಟಿದ್ದು 19ನೇ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿನ ದೋಣಿ ಸ್ಪರ್ಧೆಯ ಸಂಘವೊಂದು, ಕೈಕೆಲಸ ಮಾಡಿ ಬದುಕುವ ಕುಶಲಕರ್ಮಿ ಮತ್ತು ಕೂಲಿಯಾಳನ್ನು ಹವ್ಯಾಸಿಯೆಂದು ಪರಿಗಣಿಸತಕ್ಕದ್ದಲ್ಲ ಎಂದೇ ನಿಯಮ ಮಾಡಿತ್ತು. ಅವನು ಸ್ಪರ್ಧೆಯಿಂದ ಒಂದು ಕಾಸೂ ಪಡೆಯದಿದ್ದರೂ ಸರಿಯೇ, ರಟ್ಟೆಯ ದುಡಿಮೆಯೇ ಅವನ ಅನರ್ಹತೆ. ಆಧುನಿಕ ಒಲಿಂಪಿಕ್ಸ್ 1896ರಲ್ಲಿ ಆರಂಭವಾದಾಗ ಇಷ್ಟು ಕಟುವಾದ ಮಾತು ಇರಲಿಲ್ಲವಾದರೂ, ಆಟದಿಂದ ಹಣ ಪಡೆದವರಿಗೆ ಪ್ರವೇಶವಿಲ್ಲ ಎಂಬ ನಿಯಮ ಗಟ್ಟಿಯಾಗಿ ನಿಂತಿತು. 1912ರ ಸ್ಟಾಕ್‌ಹೋಮ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್, ಅದಕ್ಕೆ ಮೊದಲು ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂದು ಮರುವರ್ಷ ಪದಕಗಳನ್ನು ಕಳೆದುಕೊಂಡರು. 1953ರಲ್ಲಿ ಅವರು ತೀರಿಕೊಂಡರು. ಪದಕಗಳ ಪ್ರತಿರೂಪಗಳು ಅವರ ಮಕ್ಕಳ ಕೈ ಸೇರಿದ್ದು 1983ರಲ್ಲಿ.

ಫುಟ್‌ಬಾಲಿಗೆ ಬರೋಣ. ರಾಷ್ಟ್ರೀಯ ತಂಡಗಳು ಆಡಿದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯಾವಳಿ ನಡೆದದ್ದು 1908ರಲ್ಲಿ, ಲಂಡನ್ನಿನಲ್ಲಿ. ಗ್ರೇಟ್ ಬ್ರಿಟನ್ ಅಂತಿಮ ಪಂದ್ಯದಲ್ಲಿ ಡೆನ್ಮಾರ್ಕನ್ನು 2-0ಯಿಂದ ಸೋಲಿಸಿತು. 1912ರಲ್ಲೂ ಅವೇ ಎರಡು ತಂಡಗಳು ಎದುರಾದವು, ಬ್ರಿಟನ್ ಮತ್ತೆ ಗೆದ್ದಿತು. 1924 ಮತ್ತು 1928ರಲ್ಲಿ ದಕ್ಷಿಣ ಅಮೆರಿಕದ ಪುಟ್ಟ ದೇಶ ಉರುಗ್ವೆ ಚಿನ್ನ ಗೆದ್ದು ಯುರೋಪನ್ನು ಬೆರಗುಗೊಳಿಸಿತು.

ಆಗ ಎದ್ದ ಪ್ರಶ್ನೆ ನಮ್ಮ ತೆರಕಣಾಂಬಿ ಕಡೆಯ ಹುಡುಗನದೇ. ಆಡಲು ಹೋದ ದಿನಗಳ ಕೂಲಿ ನಷ್ಟವಾಗುತ್ತದಲ್ಲ, ಅದನ್ನು ತುಂಬಿಕೊಡಬಹುದೇ? ಯುರೋಪಿನ ಹಲವು ದೇಶಗಳು ಕೊಡಬಹುದೆಂದವು. ಕಾರ್ಖಾನೆಯ ಕೆಲಸಗಾರ ವಾರಗಟ್ಟಲೆ ರಜೆ ಹಾಕಿ ಬಂದರೆ ಅವನ ಮನೆಯ ಒಲೆ ಉರಿಯಬೇಡವೇ ಎಂಬುದು ಅವರ ವಾದ. ಹಾಗೆ ಕೊಟ್ಟರೆ ಅದು ಸಂಬಳವೇ ಆಯಿತು ಎಂದು ಬ್ರಿಟನ್ನಿನ ಫುಟ್‌ಬಾಲ್ ಸಂಘಗಳು ಹಟ ಹಿಡಿದವು. 1928ರಲ್ಲಿ ಆ ನಾಲ್ಕು ಸಂಘಗಳು ಫಿಫಾದಿಂದಲೇ ಹೊರನಡೆದವು. ಅದೇ ವರ್ಷ ಫಿಫಾ ಹವ್ಯಾಸಿ, ವೃತ್ತಿಪರ ಎಂಬ ಭೇದವಿಲ್ಲದ ತನ್ನದೇ ಪಂದ್ಯಾವಳಿಯನ್ನು ನಡೆಸಲು ತೀರ್ಮಾನಿಸಿತು. 1930ರಲ್ಲಿ ಉರುಗ್ವೆಯಲ್ಲಿ 13 ತಂಡಗಳೊಡನೆ ನಡೆದ ಮೊದಲ ವಿಶ್ವಕಪ್ ಅದು. ಇಂದು ನಾವು ನಿದ್ದೆಗೆಟ್ಟು ನೋಡುವ ವಿಶ್ವಕಪ್ಪಿನ ಹುಟ್ಟಿಗೆ ಕೂಲಿಯ ಜಗಳವೂ ಒಂದು ಮುಖ್ಯ ಕಾರಣ.

1932ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ಫುಟ್‌ಬಾಲೇ ಇರಲಿಲ್ಲ. 1936ರಲ್ಲಿ ಮರಳಿ ಬಂದಾಗ ಅದು ಮತ್ತೆ ಹವ್ಯಾಸಿಗಳ ಪಂದ್ಯಾವಳಿಯಾಗಿಯೇ ಮುಂದುವರಿಯಿತು. ಈ ಕಥೆಯೊಳಗೆ ಭಾರತ ಪ್ರವೇಶಿಸುವುದು ಮಹಾಯುದ್ಧ ಮುಗಿದ ಮೇಲೆ. ಬೆಂಗಳೂರು ಆಗ ದೇಶದ ಫುಟ್‌ಬಾಲ್ ಕೇಂದ್ರಗಳಲ್ಲೊಂದು. ದಂಡಿನ ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರ ಆಟ ನೋಡಿ ಬೆಳೆದ ಹುಡುಗರು ಬರಿಗಾಲಿನಲ್ಲಿ ಅವರ ಬೂಟುಗಾಲುಗಳಿಗೆ ಎದುರಾಗುತ್ತಿದ್ದರು. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು.

1948ರ ಜುಲೈ 31ರಂದು ಲಂಡನ್ನಿನ ಇಲ್‌ಫೋರ್ಡಿನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲಿದ್ದರು. ಫ್ರಾನ್ಸ್ ಮೊದಲ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್ ಸಮ ಮಾಡಿದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿ ಅವಕಾಶಗಳು ಕೈತಪ್ಪಿದವು. ಪಂದ್ಯ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು.

1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10-1ರಿಂದ ನಮ್ಮನ್ನು ಸೋಲಿಸಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಈ ಸೋಲಿನ ನಂತರ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು. ನಾಲ್ಕೇ ವರ್ಷಗಳ ನಂತರ, 1956ರ ಮೆಲ್ಬರ್ನ್‌ನಲ್ಲಿ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಭಾರತ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ನಮ್ಮದು. ಅಂತಿಮವಾಗಿ ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1960ರ ರೋಮಿನಲ್ಲೂ ಅವರಿದ್ದರು, ಅಲ್ಲಿ ಭಾರತ ಫ್ರಾನ್ಸಿನೊಡನೆ 1-1ರ ಸಮ ಸಾಧಿಸಿತು. ಭಾರತದ ಪುರುಷರು ಒಲಿಂಪಿಕ್ ಫುಟ್‌ಬಾಲ್ ಆಡಿದ್ದು ಅದೇ ಕೊನೆ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಈ ಹವ್ಯಾಸಿಗಳ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು? ರೈಲ್ವೆ, ಪೊಲೀಸ್, ಸೇನೆ, ಸರ್ಕಾರಿ ಕಾರ್ಖಾನೆ ಇವೇ ನಮ್ಮ ಎಷ್ಟೋ ಆಟಗಾರರಿಗೆ ಆಸರೆ. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳು ತಂಡ ಕಟ್ಟಿದವು. ಐ.ಟಿ.ಐ. ತಂಡ 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು ಮೋಹನ್ ಬಗಾನ್ ತಂಡವನ್ನು ಸೋಲಿಸಿ ಗೆದ್ದಿತು. ಆಟಗಾರ ಮೈದಾನದಲ್ಲಿದ್ದರೂ ತಿಂಗಳ ಸಂಬಳ ಮನೆಗೆ ಹೋಗುತ್ತಿತ್ತು. ಪೂರ್ವ ಯುರೋಪಿನ ದೇಶಗಳು ಇದನ್ನೇ ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಿದವು. ಅಲ್ಲಿನ ಆಟಗಾರರು ದಾಖಲೆಯಲ್ಲಿ ಸೈನಿಕರು, ನೌಕರರು; ದಿನವಿಡೀ ಮಾಡುತ್ತಿದ್ದುದು ಅಭ್ಯಾಸ. 1952ರಿಂದ 1980ರವರೆಗಿನ ಎಂಟು ಕ್ರೀಡಾಕೂಟಗಳಲ್ಲಿ ಫುಟ್‌ಬಾಲಿನ ಚಿನ್ನವೆಲ್ಲ ಹಂಗೆರಿ, ಸೋವಿಯತ್ ಒಕ್ಕೂಟ, ಯುಗೊಸ್ಲಾವಿಯ, ಪೋಲೆಂಡ್, ಪೂರ್ವ ಜರ್ಮನಿ, ಜೆಕೊಸ್ಲೊವಾಕಿಯಗಳ ಪಾಲಾಯಿತು.

ವಿಜ್ಞಾನದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಪ್ರಯೋಗಶಾಲೆಯ ಪಾಠ ನೆನಪಾಗುತ್ತದೆ. ಉಷ್ಣತೆ ಅಳೆಯಲು ಇಟ್ಟ ಉಪಕರಣ ಗಾಳಿಯ ಒತ್ತಡಕ್ಕೆ ಅಲುಗಾಡುತ್ತಿದ್ದರೆ ಅದರ ಅಂಕಿ ಎಷ್ಟೇ ಸ್ಪಷ್ಟವಾಗಿದ್ದರೂ ಪ್ರಯೋಜನವಿಲ್ಲ. ಹವ್ಯಾಸಿ ನಿಯಮ ಅಳೆಯಹೊರಟದ್ದು ಆಟದ ಮೇಲಿನ ಪ್ರೀತಿಯನ್ನು. ಅದು ನಿಜವಾಗಿ ಅಳೆದದ್ದು, ಆಡುವವನ ಖರ್ಚನ್ನು ಹೊರುವವರು ಹಿಂದೆ ಯಾರಿದ್ದಾರೆ ಎಂಬುದನ್ನು. ಒಬ್ಬನ ಹಿಂದೆ ಅಪ್ಪನ ಆಸ್ತಿ, ಇನ್ನೊಬ್ಬನ ಹಿಂದೆ ಸರ್ಕಾರ, ಮತ್ತೊಬ್ಬನ ಹಿಂದೆ ಕಾರ್ಖಾನೆ. ಯಾರೂ ಇಲ್ಲದವನ ಪ್ರೀತಿ ಲೆಕ್ಕಕ್ಕೇ ಬರಲಿಲ್ಲ.

ಕೊನೆಗೆ ನಿಯಮವೇ ಸಡಿಲಿತು. ಇಂಗ್ಲೆಂಡಿನ ಫುಟ್‌ಬಾಲ್ ಸಂಘ 1974ರಲ್ಲಿ ಹವ್ಯಾಸಿ ಎಂಬ ವರ್ಗವನ್ನೇ ಕೈಬಿಟ್ಟಿತು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ ವೃತ್ತಿಪರ ಫುಟ್‌ಬಾಲಿಗರಿಗೆ ಬಾಗಿಲು ತೆರೆಯಿತು, ಆದರೆ ವಿಶ್ವಕಪ್ ಆಡಿದ ಯುರೋಪ್ ಮತ್ತು ದಕ್ಷಿಣ ಅಮೆರಿಕದ ಆಟಗಾರರಿಗೆ ಪ್ರವೇಶವಿರಲಿಲ್ಲ. ಆ ವರ್ಷ ಫ್ರಾನ್ಸ್ ಗೆದ್ದಿತು. 1992ರಿಂದ ಪುರುಷರ ಪಂದ್ಯಾವಳಿ 23 ವರ್ಷದೊಳಗಿನವರದಾಯಿತು. 1996ರಿಂದ ಪ್ರತಿ ತಂಡಕ್ಕೂ ಆ ವಯಸ್ಸು ಮೀರಿದ ಮೂವರನ್ನು ಸೇರಿಸಿಕೊಳ್ಳುವ ಅವಕಾಶ ದೊರೆಯಿತು. ಅದೇ ವರ್ಷ ಮಹಿಳಾ ಫುಟ್‌ಬಾಲೂ ಸೇರಿತು. ಅತ್ತ ನಮ್ಮ ರಾಜ್ಯಕ್ಕೆ 1968-69ರ ನಂತರ ಸಂತೋಷ್ ಟ್ರೋಫಿ ಮತ್ತೆ ದೊರೆಯಲು 2023ರ ಮಾರ್ಚ್ ಬರಬೇಕಾಯಿತು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು.

ನಿಯಮ ಹೋಯಿತು, ಸರಿ. ಪ್ರಶ್ನೆ ಹೋಯಿತೇ? ಕೆಲವು ತಿಂಗಳ ಹಿಂದೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಗುಂಡ್ಲುಪೇಟೆಗೆ ಹೋಗಿದ್ದಾಗ ಆ ಹಳೆಯ ಗೆಳೆಯ ಬಸ್ ನಿಲ್ದಾಣದ ಬಳಿ ಸಿಕ್ಕಿದ. ಇಬ್ಬರಿಗೂ ತಲೆ ನರೆತಿದೆ. ಟೀ ಕುಡಿಯುತ್ತ ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಅವನು ಕೇಳಿದ: “ಆವತ್ತು ಮೈಸೂರಲ್ಲಿ ಎಷ್ಟು ಗೋಲಲ್ಲಿ ಸೋತ್ರಿ?” ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆ ಮೂರು ದಿನಗಳನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹವ್ಯಾಸಿ ಎಂಬ ಮಾತಿಗೆ ಪ್ರೀತಿಯೇ ಅರ್ಥವಾದರೆ, ಅವನಿಗಿಂತ ದೊಡ್ಡ ಹವ್ಯಾಸಿಯನ್ನು ನಾನು ಕಂಡಿಲ್ಲ.

ಮಿತ್ರರೇ, ನಿಮ್ಮ ಊರಿನಲ್ಲೂ ಹಬ್ಬಕ್ಕೋ ಜಾತ್ರೆಗೋ ಪಂದ್ಯಾವಳಿಗಳು ನಡೆಯುತ್ತವೆ. ಶಾಮಿಯಾನ, ಧ್ವನಿವರ್ಧಕ, ಆಳೆತ್ತರದ ಕಪ್ಪು, ಅತಿಥಿಗಳಿಗೆ ಶಾಲು ಹಾರ ಎಲ್ಲಕ್ಕೂ ಚಂದಾ ಎತ್ತುತ್ತೇವೆ. ಮುಂದಿನ ಸಲ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸಿ: ದಿನಗೂಲಿ ಬಿಟ್ಟು ಆಡಲು ಬರುವವರ ಕೂಲಿ. ಕಪ್ಪು ಒಂದು ಗೇಣು ಗಿಡ್ಡವಾದರೂ ಚಿಂತೆಯಿಲ್ಲ. 1928ರಲ್ಲಿ ದೊಡ್ಡ ದೊಡ್ಡ ದೇಶಗಳು ಕೂತು ಬಗೆಹರಿಸಲಾಗದೆ ಎದ್ದುಹೋದ ಪ್ರಶ್ನೆಯನ್ನು ಒಂದು ಹಳ್ಳಿಯ ಯುವಕ ಸಂಘ ಒಂದು ಸಂಜೆಯಲ್ಲಿ ಬಗೆಹರಿಸಬಹುದು.