ಡಿಲನ್ ತಿರುಗಿ ಬಂದ ದಾರಿ



1965ರ ಜುಲೈ 25ರಂದು ಅಮೆರಿಕದ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ, ಜಾನಪದ ಗಾಯಕರೆಂದೇ ಹೆಸರಾಗಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿಕೊಂಡು ವೇದಿಕೆ ಹತ್ತಿದರು. ಸಭೆಯಲ್ಲಿ ಗದ್ದಲವೆದ್ದಿತು. ಜನ ಕೂಗಿದ್ದು ವಾದ್ಯದ ಮೇಲಿನ ಸಿಟ್ಟಿಗೋ, ಧ್ವನಿವರ್ಧಕ ಸರಿಯಿಲ್ಲವೆಂದೋ, ಮೂರೇ ಹಾಡಿಗೆ ತಂಡ ಇಳಿದುಹೋಯಿತೆಂದೋ, ಆ ಜಗಳ ಇವತ್ತಿಗೂ ಮುಗಿದಿಲ್ಲ. ಆದರೆ ಅದೇ ವರ್ಷದ ಮಾರ್ಚ್‌ನಲ್ಲೇ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ ಎಂಬ, ಒಂದು ಬದಿಯಿಡೀ ಎಲೆಕ್ಟ್ರಿಕ್ ವಾದ್ಯಮೇಳವಿದ್ದ ಅವರ ಎಲ್‌ಪಿ ಅಂಗಡಿಗೆ ಬಂದಿತ್ತು. ಅದನ್ನು ಕೇಳಿದ್ದವರು ಬೆಚ್ಚಿಬೀಳಲು ಕಾರಣವೇ ಇರಲಿಲ್ಲ.

ಜಾನಪದದ ಹುಡುಗ ರಾಕ್ ಸಂಗೀತಕ್ಕೆ ಮಾರಿಕೊಂಡ ಎಂಬುದು ಆಗಿನ ದೂರು. ನಡೆದದ್ದು ತಿರುವುಮುರುವು. ಮಿನ್ನೆಸೋಟ ರಾಜ್ಯದ ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿ ಊರಿನಲ್ಲಿ ಬೆಳೆದ ಡಿಲನ್, ಹೈಸ್ಕೂಲಿನಲ್ಲಿ ರಾಕ್ ಅಂಡ್ ರೋಲ್ ತಂಡ ಕಟ್ಟಿದ್ದವರು. 1959ರ ಶಾಲಾ ವಾರ್ಷಿಕ ಸಂಚಿಕೆಯಲ್ಲಿ ಅವರ ಹೆಬ್ಬಯಕೆ ಎಂದು ಅಚ್ಚಾಗಿದ್ದು ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ಜೊತೆ ಸೇರಬೇಕೆಂಬುದು! ಆಮೇಲೆ ಜಾನಪದ ಗಾಯಕಿ ಒಡೆಟಾರ ರೆಕಾರ್ಡು ಕಿವಿಗೆ ಬಿತ್ತು. ಎಲೆಕ್ಟ್ರಿಕ್ ಗಿಟಾರ್ ಕೊಟ್ಟು ಸಾದಾ ಗಿಟಾರ್ ತಂದರು. ಜಾನಪದ ಗಾಯಕ ವುಡಿ ಗಥ್ರಿಯ ಗುಂಗು ಹಿಡಿಯಿತು. 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದು, ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ ಗಥ್ರಿಯನ್ನು ಕಂಡರು. ಜಗತ್ತು ಗುರುತಿಸಿದ್ದು ಈ ಎರಡನೇ ಡಿಲನ್‌ನನ್ನು.

ಮೊದಲನೆಯವನನ್ನು ಹೊರಗೆಳೆಯಲು ಇಂಗ್ಲಿಷರು ಬೇಕಾದರು. ಡಿಲನ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಹಾಡಿದ್ದ ‘ಹೌಸ್ ಆಫ್ ದ ರೈಸಿಂಗ್ ಸನ್’ ಎಂಬ ಹಳೆಯ ಹಾಡನ್ನು 1964ರಲ್ಲಿ ‘ದ ಆನಿಮಲ್ಸ್’ ತಂಡ ಎಲೆಕ್ಟ್ರಿಕ್ ವಾದ್ಯಗಳಲ್ಲಿ ನುಡಿಸಿ ಗೆದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಿರ್ಮಾಪಕ ಟಾಮ್ ವಿಲ್ಸನ್, ಡಿಲನ್‌ರ ಹಳೆಯ ಮುದ್ರಣಗಳ ಮೇಲೆ ವಾದ್ಯಮೇಳ ಕೂರಿಸಿ ನೋಡಿದರು. ವಿಲ್ಸನ್ ಕಪ್ಪು ಜನಾಂಗದವರು, ಸನ್ ರಾ ಅವರಂಥ ಜಾಝ್ ಕಲಾವಿದರನ್ನು ಧ್ವನಿಮುದ್ರಿಸಿದ್ದವರು. ಜಾನಪದವನ್ನೂ ರಾಕನ್ನೂ ಬೆಸೆದ ಫೋಕ್ ರಾಕ್‌ನ ಕಥೆ ಹೇಳುವವರು ಅವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಅದು ಅನ್ಯಾಯ. ಮುಂದಿನ ಜನವರಿಯ 13ರಿಂದ 15ರವರೆಗೆ, ಮೂರೇ ದಿನಗಳಲ್ಲಿ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ ಇಡೀ ಆಲ್ಬಮ್ ಮುಗಿಯಿತು.

ಅದರಲ್ಲಿ 11 ಹಾಡು. ಮೊದಲ ಬದಿಯ ಏಳರಲ್ಲಿ ವಾದ್ಯಮೇಳ. ಎರಡನೇ ಬದಿಯ ನಾಲ್ಕರಲ್ಲಿ ಬಹುಮಟ್ಟಿಗೆ ಗಿಟಾರ್ ಮತ್ತು ಹಾರ್ಮೋನಿಕಾ ಮಾತ್ರ. ಅತ್ತ ರಾಕ್, ಇತ್ತ ಜಾನಪದ ಎಂದು ಗೆರೆ ಎಳೆಯುವುದು ವಾಡಿಕೆ. ಬೇರು ಹುಡುಕಿದರೆ ಆ ಗೆರೆ ನಿಲ್ಲುವುದಿಲ್ಲ. ಮೊದಲ ಬದಿಯ ‘ಸಬ್‌ಟರೇನಿಯನ್ ಹೋಮ್‌ಸಿಕ್ ಬ್ಲೂಸ್’ನ ಓಟ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿಯವರ 1956ರ ‘ಟೂ ಮಚ್ ಮಂಕಿ ಬಿಸಿನೆಸ್’ನಿಂದ ಬಂದದ್ದು, ನಿಜ. ಆದರೆ ಅದೇ ಬದಿಯ, ನ್ಯೂಪೋರ್ಟ್‌ನಲ್ಲಿ ಗದ್ದಲ ಎಬ್ಬಿಸಿದ ‘ಮ್ಯಾಗೀಸ್ ಫಾರ್ಮ್’? ಅದರ ತಾಯಿಬೇರು ಬೆಂಟ್ಲಿ ಬಾಯ್ಸ್ 1929ರಲ್ಲಿ ಹಾಡಿದ ‘ಡೌನ್ ಆನ್ ಪೆನ್ನೀಸ್ ಫಾರ್ಮ್’. ಗೇಣಿದಾರರು ಜಮೀನ್ದಾರನನ್ನು ಜರೆಯುವ ಹಾಡು ಅದು. ಹ್ಯಾರಿ ಸ್ಮಿತ್ 1952ರಲ್ಲಿ ಹೊರತಂದ ಜಾನಪದ ಸಂಗೀತ ಸಂಕಲನದಲ್ಲಿದೆ. ಜಾನಪದ ಭಕ್ತರು ವಾದ್ಯದ ಸಿಟ್ಟಿಗೇ ಕೂಗಿದ್ದರೆ, ಅಡಗಿಸಲು ನೋಡಿದ್ದು ತಮ್ಮ ಮನೆಯ ಹಾಡನ್ನೇ! ಇನ್ನು ಎರಡನೇ ಬದಿಯ ಕೊನೆಯ ಹಾಡು ‘ಇಟ್ಸ್ ಆಲ್ ಓವರ್ ನೌ, ಬೇಬಿ ಬ್ಲೂ’. ಅದನ್ನು ಬರೆಯುವಾಗ ರಾಕ್ ಗಾಯಕ ಜೀನ್ ವಿನ್ಸೆಂಟ್‌ರ ಹಾಡೊಂದು ನೆನಪಾಗಿತ್ತೆಂದು ಡಿಲನ್ನರೇ ಹೇಳಿದ್ದಾರೆ. ಅದೇ ಬದಿಯ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ಗೆ ಪ್ರೇರಣೆ ಗಿಟಾರ್ ವಾದಕ ಬ್ರೂಸ್ ಲ್ಯಾಂಗ್‌ಹಾರ್ನ್ ಹಿಡಿದು ತರುತ್ತಿದ್ದ ದೊಡ್ಡ ಟರ್ಕಿ ತಮಟೆ.

ಡೇನಿಯಲ್ ಕ್ರೇಮರ್ ತೆಗೆದ ಹೊದಿಕೆಯ ಚಿತ್ರವನ್ನೂ ನೋಡಿ. ಡಿಲನ್ ಸುತ್ತ ಹರಡಿದ ರೆಕಾರ್ಡುಗಳಲ್ಲಿ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ ಇದ್ದಾರೆ, ಬರ್ಲಿನ್ನಿನ ರಂಗಗೀತೆಗಳ ಲೋಟೆ ಲೆನ್ಯಾ ಇದ್ದಾರೆ, ನಮ್ಮ ರವಿಶಂಕರ್ ಕೂಡ ಇದ್ದಾರೆ. ಆಲ್ಬಮ್ಮಿನಲ್ಲಿ ಸಿತಾರ್ ಎಲ್ಲೂ ಇಲ್ಲ ಅನ್ನಿ. ಆದರೂ ಡಿಲನ್ ಕಿವಿಗೆ ಏನೇನು ಬೀಳುತ್ತಿತ್ತು ಎಂಬುದಕ್ಕೆ ಇಷ್ಟು ಸಾಕು.

1965ರ ಜೂನ್‌ನಲ್ಲಿ ‘ದ ಬರ್ಡ್ಸ್’ ತಂಡ ಹಾಡಿದ ‘ಮಿಸ್ಟರ್ ಟ್ಯಾಂಬರೀನ್ ಮ್ಯಾನ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಫೋಕ್ ರಾಕ್ ಎಂಬ ಹೆಸರು ಎಲ್ಲರ ಬಾಯಿಗೆ ಬಂತು. ನೀವು ಈ ಆಲ್ಬಮ್ ಕೇಳುವುದಾದರೆ ಮೊದಲು ಬೆಂಟ್ಲಿ ಬಾಯ್ಸ್, ಆಮೇಲೆ ಚಕ್ ಬೆರಿ ಕೇಳಿ, ನಂತರ ಡಿಲನ್‌ಗೆ ಬನ್ನಿ.