ತೆರಿಗೆಯೂ ದಾಸೋಹವೇ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಯಾವ ಊರಿನ ಚಹಾದಂಗಡಿಯಲ್ಲಿ ಕೇಳಿದರೂ ಒಂದೇ ತಕರಾರು. ‘ಗಟಾರ ತುಂಬೇತಿ, ನಳಕ್ಕ ನೀರಿಲ್ಲ, ಮ್ಯಾಲ ತೆರಿಗಿ ಬ್ಯಾರೆ ಹೆಚ್ಚು ಕಟ್ಟಬೇಕೇನು?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೀದಿದೀಪ, ಕಸ, ಚರಂಡಿಗೆ ಊರಿನ ಸ್ವಂತ ದುಡ್ಡು ಎಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಪುರಸಭೆ ಕಾಯ್ದೆಯ 2021ರ ತಿದ್ದುಪಡಿಯಿಂದ ಅದು ಸರ್ಕಾರ ನಿಗದಿ ಮಾಡುವ ಮಾರ್ಗಸೂಚಿ ಬೆಲೆಗೆ ಜೋಡಣೆಯಾಗಿದೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿಯೂ ಉಂಟು. ದರ ಏರಿಸುವ ಮೊದಲು ಹಳೆಯ ಬಾಕಿ ವಸೂಲಾಗಲಿ. ಬಂದ ಹಣ ಯಾವ ವಾರ್ಡಿಗೆ ಹೋಯಿತೆಂಬ ಲೆಕ್ಕ ಕಚೇರಿಯ ಗೋಡೆಯ ಮೇಲೆ ಕಾಣಲಿ. ಆಮೇಲೂ ಸಾಲದಿದ್ದರೆ ಹೆಚ್ಚು ಕೊಡೋಣ.

ಕಾಯಕದ ಗಳಿಕೆಯಲ್ಲಿ ಸಮಾಜಕ್ಕೂ ಪಾಲಿದೆ ಎಂದು ಸಾರಿದ ಬಸವಣ್ಣನವರ ನೆಲವಿದು. ದಾಸೋಹಕ್ಕೆ ಕೊಡುವಾಗ ನಾವು ಚೌಕಾಸಿ ಮಾಡುವುದಿಲ್ಲ. ಅಲ್ಲಿ ಎಲ್ಲರ ತಟ್ಟೆಗೂ ಅನ್ನ ಬೀಳುವುದು ಕಣ್ಣಿಗೆ ಕಾಣುತ್ತದೆ. ಊರಾಡಳಿತವೂ ಹಾಗೆ ಕಾಣುವಂತೆ ಬಡಿಸಲಿ, ನಾವೂ ಮನಸಾರೆ ಕಟ್ಟೋಣ.